ಟ್ರಾವೆಲ್ ಟ್ರೈಲರ್‌ನ ಆಲ್ಡೆ ಹೀಟಿಂಗ್: ಹಳೆಯ ಗ್ಲೈಕಾಲ್ ಬದಲಿಸಿ, ಗಾಳಿ ಹೊರಹಾಕುವ ಸಮಗ್ರ ಮಾರ್ಗದರ್ಶಿ

ಬಾಯ್ಲರ್ ಉರಿಯುತ್ತಿದೆ, ಪಂಪ್ ತಿರುಗುವ ಸದ್ದು ಕೇಳುತ್ತಿದೆ, ಆದರೂ ಟ್ರೈಲರ್‌ನ ಹಿಂಭಾಗದ ಹಾಸಿಗೆಯ ಬಳಿ ಚಳಿ ಕೊರೆಯುತ್ತಿದೆ. ಸೋಫಾದ ಹಿಂದಿನ ಹಲಗೆ ತೆಗೆದು ಕೊಳವೆಯ ಮೇಲೆ ಕೈಯಾಡಿಸಿದರೆ, ಬಾಯ್ಲರ್‌ನಿಂದ ಹೊರಟ ಒಂದು ಮೀಟರ್‌ವರೆಗೆ ಚೆನ್ನಾಗಿ ಬಿಸಿ, ಅದರಾಚೆ ಪೂರ್ತಿ ತಣ್ಣಗೆ. ಆಲ್ಡೆ ಹೀಟಿಂಗ್ ಇರುವ ಟ್ರೈಲರ್‌ನಲ್ಲಿ ಈ ಲಕ್ಷಣ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು. ಕೊಳವೆಯಲ್ಲಿ ಹರಿಯುವ, ಗ್ಲೈಕಾಲ್ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಬೆರೆತ ದ್ರವವನ್ನು ಅವಸರದಲ್ಲಿ ಬದಲಿಸಿದ ಮೇಲೆ ಈ ತೊಂದರೆ ಹೆಚ್ಚಾಗಿ ತಲೆದೋರುತ್ತದೆ.

ಆಲ್ಡೆ ಎಂಬುದು ಟ್ರೈಲರ್‌ಗಳಿಗೆ ಬಿಸಿ ದ್ರವದಿಂದ ನಡೆಯುವ ಹೀಟಿಂಗ್ ತಯಾರಿಸುವ ಸ್ವೀಡನ್‌ನ ಕಂಪನಿ. ಯುರೋಪಿನ ಕಾಬೆ, ಹಾಬಿ, ಫೆಂಟ್, ಬೈಲಿ, ಸ್ವಿಫ್ಟ್ ಮುಂತಾದ ಕಂಪನಿಗಳ ಹಲವು ಕ್ಯಾರವಾನ್‌ಗಳಲ್ಲಿ, ಅಮೆರಿಕದಲ್ಲಿ ಏರ್‌ಸ್ಟ್ರೀಮ್‌ನ ಕೆಲವು ಮಾದರಿಗಳಲ್ಲಿ, ನ್ಯೂಕ್ಯಾಂಪ್‌ನ ಪುಟ್ಟ ಟ್ರೈಲರ್‌ಗಳಲ್ಲಿ ಇದರ ಬಾಯ್ಲರ್ ಇರುತ್ತದೆ. ಮಿನ್ನೆಸೋಟ, ಆಲ್ಬರ್ಟಾ, ಸ್ಟಾಕ್‌ಹೋಮ್‌ನಂತಹ ಚಳಿಯ ಪ್ರದೇಶಗಳಲ್ಲಿ ನೆಲೆಸಿ ಇಂತಹ ಟ್ರೈಲರ್ ಇಟ್ಟುಕೊಂಡಿರುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಾರಿನ ಕೂಲಂಟ್ ಬದಲಿಸಿ ಅಭ್ಯಾಸವಿರುವ ಯಾರು ಬೇಕಾದರೂ ಮಾಡಬಹುದಾದ ಕೆಲಸವಿದು. ಬೇಕಾಗಿರುವುದು ಬಿಡುವಾದ ಒಂದು ದಿನ ಮತ್ತು ತಾಳ್ಮೆ.

ಒಂದು ಮಾತನ್ನು ಆರಂಭದಲ್ಲೇ ಒತ್ತಿ ಹೇಳುತ್ತೇನೆ. ಗಾಳಿ ತೆಗೆಯುವ ಕೆಲಸದ ಬಹುಪಾಲು ಗಾಳಿ ಹೊರಬಿಡಲು ಕೊಳವೆಯ ಮೇಲಿರುವ ಬ್ಲೀಡ್ ಸ್ಕ್ರೂಗೆ ಕೈ ಹಾಕುವ ಮೊದಲೇ, ದ್ರವ ತುಂಬುವ ಹಂತದಲ್ಲೇ ಮುಗಿಯಬೇಕು. ಕೆಳಗಿನಿಂದ ನಿಧಾನವಾಗಿ ತುಂಬಿದರೆ ಗಾಳಿ ತಾನಾಗಿಯೇ ಮೇಲೇರಿ ಹೊರಹೋಗುತ್ತದೆ. ಮೇಲಿನಿಂದ ಗಡಿಬಿಡಿಯಲ್ಲಿ ಸುರಿದರೆ ಹತ್ತಾರು ಕಡೆ ಗುಳ್ಳೆಗಳು ಸಿಕ್ಕಿಕೊಂಡು, ಅವುಗಳನ್ನು ಹುಡುಕುತ್ತಾ ಇಡೀ ವಾರಾಂತ್ಯ ಕಳೆದುಹೋಗುತ್ತದೆ.

ಒಳಗೆ ಏನು ನಡೆಯುತ್ತದೆ

ಬಾಯ್ಲರ್ ಗ್ಯಾಸ್‌ನಿಂದಲೋ ವಿದ್ಯುತ್ತಿನಿಂದಲೋ ಗ್ಲೈಕಾಲ್ ಬೆರೆತ ನೀರನ್ನು ಬಿಸಿ ಮಾಡುತ್ತದೆ. 12 ವೋಲ್ಟ್‌ನ ಪುಟ್ಟ ಪಂಪ್ ಆ ದ್ರವವನ್ನು ಗೋಡೆಯ ಬುಡದಲ್ಲಿ ಸಾಗುವ ಅಲ್ಯೂಮಿನಿಯಂ ಕೊಳವೆ ಮತ್ತು ರೆಕ್ಕೆಗಳಿರುವ ಕನ್ವೆಕ್ಟರ್‌ಗಳ ಮೂಲಕ ಸುತ್ತಿಸುತ್ತದೆ. ಕೊಳವೆಗಳ ನಡುವಿನ ಜೋಡಣೆ ರಬ್ಬರ್‌ನದು, ಅದಕ್ಕೆ ಕ್ಲಿಪ್ ಬಿಗಿದಿರುತ್ತದೆ. ವ್ಯವಸ್ಥೆಯ ಅತಿ ಎತ್ತರದ ಜಾಗದಲ್ಲಿ, ಸಾಮಾನ್ಯವಾಗಿ ಬಟ್ಟೆಯ ಕಪಾಟಿನಲ್ಲಿ, ಬಿಸಿಯಾಗಿ ಹಿಗ್ಗುವ ದ್ರವಕ್ಕೆ ಜಾಗ ಕೊಡುವ ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಇರುತ್ತದೆ. ಅದರ ಮೈಮೇಲೆ ಕನಿಷ್ಠ ಮತ್ತು ಗರಿಷ್ಠ ಮಟ್ಟದ ಎರಡು ಗೆರೆಗಳಿರುತ್ತವೆ. ಹಲವು ಟ್ರೈಲರ್‌ಗಳಲ್ಲಿ ಪಂಪ್ ಕೂಡ ಈ ಟ್ಯಾಂಕಿನ ಒಳಗೇ ಕುಳಿತಿರುತ್ತದೆ. ದ್ರವ ಕನಿಷ್ಠ ಗೆರೆಗಿಂತ ಕೆಳಗಿಳಿದರೆ ಪಂಪ್ ದ್ರವದ ಜೊತೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ ಎಂಬುದನ್ನು ಇದರಿಂದಲೇ ಊಹಿಸಬಹುದು.

ಪಂಪ್ ಚಿಕ್ಕದು, ಅದರ ಬಲವೂ ಕಡಿಮೆ. ಕೊಳವೆ ಎತ್ತರಕ್ಕೇರಿ ಇಳಿಯುವ ಜಾಗದಲ್ಲಿ ಒಂದು ದೊಡ್ಡ ಗುಳ್ಳೆ ನಿಂತರೆ ಅದನ್ನು ಮುಂದಕ್ಕೆ ತಳ್ಳಲು ಪಂಪಿಗೆ ಆಗುವುದಿಲ್ಲ, ಹರಿವು ಅಲ್ಲಿಗೇ ನಿಂತುಹೋಗುತ್ತದೆ. ಇಂತಹ ಜಾಗಗಳು ಎಲ್ಲಿವೆ ಎಂದು ಮೊದಲೇ ತಿಳಿದಿರುವುದು ಒಳ್ಳೆಯದು. ಬಾಗಿಲ ಬಳಿ ಕೊಳವೆ ನೆಲದ ಕೆಳಗೆ ಇಳಿದು ಮತ್ತೆ ಮೇಲೇರುತ್ತದೆ, ಹಾಗಾಗಿ ಬಾಗಿಲ ಎರಡೂ ಬದಿ ಗಾಳಿ ನಿಲ್ಲುತ್ತದೆ. ಚಕ್ರದ ಉಬ್ಬಿನ ಮೇಲೆ ಹಾದುಹೋಗುವ ತಿರುವು, ಸ್ನಾನದ ಕೋಣೆಯ ಟವೆಲ್ ರೇಡಿಯೇಟರ್‌ನ ನೆತ್ತಿ, ಕನ್ವೆಕ್ಟರ್ ಸಾಲಿನ ತುದಿ, ಇವೂ ಗಾಳಿಯ ಅಡಗುತಾಣಗಳೇ. ಬ್ಲೀಡ್ ಸ್ಕ್ರೂಗಳನ್ನು ಕಂಪನಿಯವರು ಇಂತಹ ಕಡೆಗಳಲ್ಲೇ ಇಟ್ಟಿರುತ್ತಾರೆ. ಅವುಗಳ ಜಾಗ ಟ್ರೈಲರ್‌ನ ಕೈಪಿಡಿಯಲ್ಲಿರುತ್ತದೆ, ಬಾಯ್ಲರ್‌ನ ಕೈಪಿಡಿಯಲ್ಲಿ ಅಲ್ಲ. ಕೆಲಸ ಶುರು ಮಾಡುವ ಮೊದಲು ಸೋಫಾ, ಹಾಸಿಗೆಯ ಕೆಳಗಿನ ಹಲಗೆಗಳನ್ನೆಲ್ಲ ಎತ್ತಿ, ಪ್ರತಿ ಸ್ಕ್ರೂವನ್ನೂ ಕಣ್ಣಾರೆ ನೋಡಿ, ಬಣ್ಣದ ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ.

ದ್ರವ ಬದಲಿಸುವ ಸಮಯ ಬಂದಿದೆಯೇ?

‘ರಿಫ್ರಾಕ್ಟೋಮೀಟರ್‌ನಲ್ಲಿ (ದ್ರವ ಎಷ್ಟು ಚಳಿಯವರೆಗೆ ಹೆಪ್ಪುಗಟ್ಟದು ಎಂದು ತೋರಿಸುವ ಉಪಕರಣ) ನೋಡಿದೆ, ಮೈನಸ್ 25 ಡಿಗ್ರಿ ತೋರಿಸುತ್ತಿದೆ, ಹಾಗಾಗಿ ದ್ರವ ಚೆನ್ನಾಗಿದೆ’ ಎಂದು ಬಹಳ ಜನ ಭಾವಿಸುತ್ತಾರೆ. ಈ ತರ್ಕ ತಪ್ಪು. ಹೆಪ್ಪುಗಟ್ಟದಂತೆ ತಡೆಯುವುದು ಗ್ಲೈಕಾಲ್, ಅದು ವರ್ಷ ಕಳೆದರೂ ಹೆಚ್ಚು ಕುಂದುವುದಿಲ್ಲ. ಅಲ್ಯೂಮಿನಿಯಂ ಸವೆಯದಂತೆ ಕಾಯುವುದು ಅದಕ್ಕೆ ಬೆರೆಸಿರುವ ರಾಸಾಯನಿಕಗಳು, ಅವು ಕ್ರಮೇಣ ಮುಗಿದುಹೋಗುತ್ತವೆ. ಅವು ಮುಗಿದ ಮೇಲೆ ದ್ರವ ಆಮ್ಲೀಯವಾಗಿ ಕೊಳವೆಯನ್ನು ಒಳಗಿನಿಂದ ತಿನ್ನತೊಡಗುತ್ತದೆ. ರಿಫ್ರಾಕ್ಟೋಮೀಟರ್‌ಗೆ ಇದು ಕಾಣುವುದಿಲ್ಲ.

ಆದ್ದರಿಂದ ದಿನಾಂಕ ನೋಡಿ. ಸಾಮಾನ್ಯ ಗ್ಲೈಕಾಲ್ ಆದರೆ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ದೀರ್ಘ ಬಾಳಿಕೆಯ ಜಿ12++ ಅಥವಾ ಜಿ13 ಗುಣಮಟ್ಟದ್ದಾದರೆ ಐದು ವರ್ಷದವರೆಗೆ ಬಿಡಬಹುದು. ಹಳೆಯ ಟ್ರೈಲರ್ ಕೊಂಡಿದ್ದು, ಯಾವಾಗ ಬದಲಿಸಿದರು ಎಂಬ ದಾಖಲೆಯೇ ಇಲ್ಲದಿದ್ದರೆ ಯೋಚನೆ ಬೇಡ, ಬದಲಿಸಿಬಿಡಿ. ಜೊತೆಗೆ ಆಮ್ಲೀಯತೆ ತೋರಿಸುವ ಒಂದು ಪಿಎಚ್ ಪಟ್ಟಿಯನ್ನು ಟ್ಯಾಂಕಿನ ದ್ರವದಲ್ಲಿ ಅದ್ದಿ ನೋಡಿ. ಹೊಸ ದ್ರವ ಸ್ವಲ್ಪ ಕ್ಷಾರೀಯವಾಗಿರುತ್ತದೆ. ಪಟ್ಟಿ 7ಕ್ಕಿಂತ ಕೆಳಗೆ ತೋರಿಸಿದರೆ ಕಾಯುವಂತಿಲ್ಲ. ಕಂದು ಬಣ್ಣ, ತಳದಲ್ಲಿ ಕೆಸರು, ಲೋಳೆಯಂತಹ ಎಳೆಗಳು ಕಂಡರೆ ಬದಲಿಸುವುದರ ಜೊತೆಗೆ ಚೆನ್ನಾಗಿ ತೊಳೆಯುವ ಕೆಲಸವೂ ಇದೆ ಎಂದು ತಿಳಿಯಿರಿ.

ಯಾವ ಗ್ಲೈಕಾಲ್, ಎಷ್ಟು ನೀರು

ಅಲ್ಯೂಮಿನಿಯಂ ಹೀಟಿಂಗ್ ವ್ಯವಸ್ಥೆಗೆ ಹೊಂದುತ್ತದೆ ಎಂದು ಸ್ಪಷ್ಟವಾಗಿ ಬರೆದಿರುವ, ಸವಕಳಿ ತಡೆಯುವ ರಾಸಾಯನಿಕ ಬೆರೆತ ಗ್ಲೈಕಾಲ್ ಮಾತ್ರ ಬಳಸಿ. ಬಣ್ಣ ನೋಡಿ ಕೊಳ್ಳಬೇಡಿ. ನೀಲಿ, ಗುಲಾಬಿ, ನೇರಳೆ ಎಂಬ ಬಣ್ಣಗಳಿಗೆ ಎಲ್ಲ ತಯಾರಕರೂ ಒಪ್ಪಿದ ನಿಯಮವಿಲ್ಲ, ಡಬ್ಬಿಯ ಮೇಲಿನ ಗುಣಮಟ್ಟದ ಸಂಖ್ಯೆಯೇ ಮುಖ್ಯ. ಒಳಗಿರುವ ಹಳೆಯ ದ್ರವ ಸಾಮಾನ್ಯ ಬಗೆಯದಾಗಿದ್ದು ಹೊಸದು ದೀರ್ಘ ಬಾಳಿಕೆಯದಾದರೆ ಎರಡನ್ನೂ ಬೆರೆಯಲು ಬಿಡಬಾರದು. ಬೆರೆತರೆ ಸವಕಳಿ ತಡೆಯುವ ಗುಣ ಕೆಡುತ್ತದೆ, ಕೆಲವೊಮ್ಮೆ ಗಸಿಯೂ ಕಟ್ಟುತ್ತದೆ.

ಅಮೆರಿಕ, ಕೆನಡಾದಲ್ಲಿರುವವರಿಗೆ ವಿಶೇಷವಾಗಿ ಒಂದು ಎಚ್ಚರಿಕೆ. ಚಳಿಗಾಲಕ್ಕೆ ಮುಂಚೆ ಕುಡಿಯುವ ನೀರಿನ ಪೈಪುಗಳಿಗೆ ಹಾಕುವ ಗುಲಾಬಿ ಬಣ್ಣದ ಆ್ಯಂಟಿಫ್ರೀಜ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದು ಈ ಕೆಲಸಕ್ಕೆ ಅಲ್ಲವೇ ಅಲ್ಲ. ಹಾಗೆಯೇ ಹೀಟಿಂಗ್‌ನ ಗ್ಲೈಕಾಲ್ ಅಪ್ಪಿತಪ್ಪಿಯೂ ಕುಡಿಯುವ ನೀರಿನ ಪೈಪಿಗೆ ಹೋಗಬಾರದು. ಗ್ಲೈಕಾಲ್‌ನ ಒಂದು ಬಗೆಯಾದ ಎಥಿಲೀನ್ ಗ್ಲೈಕಾಲ್ ಪ್ರಾಣ ತೆಗೆಯುವ ವಿಷ.

ಮಿಶ್ರಣದ ಪ್ರಮಾಣ ಶೇ. 40 ಗ್ಲೈಕಾಲ್, ಶೇ. 60 ನೀರು. ಇದು ಸುಮಾರು ಮೈನಸ್ 25 ಡಿಗ್ರಿ ಸೆಲ್ಸಿಯಸ್‌ವರೆಗೆ ಸಾಕು. ಅದಕ್ಕಿಂತ ಹೆಚ್ಚು ಚಳಿ ಬೀಳುವ ಊರಾದರೆ ಶೇ. 50ರವರೆಗೆ ಏರಿಸಬಹುದು, ಅದಕ್ಕಿಂತ ಮೇಲೆ ಬೇಡ. ‘ಹೆಚ್ಚು ಹಾಕಿದರೆ ಹೆಚ್ಚು ರಕ್ಷಣೆ’ ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನೀರು ಬೆರೆಸದ ಶುದ್ಧ ಎಥಿಲೀನ್ ಗ್ಲೈಕಾಲ್ ಸುಮಾರು ಮೈನಸ್ 13 ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ! ನೀರಿನ ಜೊತೆ ಸೇರಿದಾಗ ಮಾತ್ರ ಅದಕ್ಕೆ ಆ ಶಕ್ತಿ. ಗ್ಲೈಕಾಲ್ ಹೆಚ್ಚಾದಷ್ಟೂ ದ್ರವ ದಪ್ಪಗಾಗಿ ಪಂಪಿಗೆ ಭಾರವಾಗುತ್ತದೆ, ಶಾಖ ಹೊತ್ತೊಯ್ಯುವ ಶಕ್ತಿಯೂ ಇಳಿಯುತ್ತದೆ.

ಬೆರೆಸುವ ನೀರು ಡಿಸ್ಟಿಲ್ಡ್ ಅಥವಾ ಡಿಮಿನರಲೈಸ್ಡ್ ಆಗಿರಲಿ. ನಲ್ಲಿ ನೀರಿನ ಲವಣ, ಕ್ಲೋರೈಡ್‌ಗಳು ಅಲ್ಯೂಮಿನಿಯಂಗೆ ಒಳ್ಳೆಯದಲ್ಲ. ನನ್ನ ಸಲಹೆ ಕೇಳಿದರೆ, ಮೊದಲೇ ಬೆರೆಸಿಟ್ಟ ಸಿದ್ಧ ದ್ರವವನ್ನೇ ಕೊಳ್ಳಿ. ಒಂದಿಷ್ಟು ಹಣ ಹೆಚ್ಚಾದರೂ ಲೆಕ್ಕ ತಪ್ಪುವ ಭಯವಿಲ್ಲ. ತೊಳೆಯುವ ಕೆಲಸವಿದ್ದರೆ ಮಾತ್ರ ಬೆರೆಸದ ಗ್ಲೈಕಾಲ್ ಬೇಕಾಗುತ್ತದೆ, ಅದರ ಕಾರಣ ಮುಂದೆ ಹೇಳುತ್ತೇನೆ.

ಎಷ್ಟು ಲೀಟರ್ ಬೇಕು ಎಂಬುದು ಟ್ರೈಲರ್‌ನ ಉದ್ದ ಮತ್ತು ನೆಲದಡಿಯ ಹೀಟಿಂಗ್ ಇದೆಯೇ ಎನ್ನುವುದರ ಮೇಲೆ ನಿಂತಿದೆ. ಕೈಪಿಡಿಯ ಅಂಕಿಗಿಂತ ಎರಡು ಮೂರು ಲೀಟರ್ ಹೆಚ್ಚೇ ತಂದಿಟ್ಟುಕೊಳ್ಳಿ.

ಜೋಡಿಸಿಟ್ಟುಕೊಳ್ಳಬೇಕಾದ ಸಾಮಾನು

ಅಗಲ ಬಾಯಿಯ ಎರಡು ಬಕೆಟ್, ಅಳತೆಯ ಗೆರೆಗಳಿರುವ ಕ್ಯಾನ್, ಉದ್ದನೆಯ ಪಾರದರ್ಶಕ ಮೆದುಪೈಪ್ ಮತ್ತು ಅದಕ್ಕೆ ತಕ್ಕ ಕ್ಲಿಪ್‌ಗಳು, ಡ್ರಿಲ್‌ಗೆ ಜೋಡಿಸುವ ಪುಟ್ಟ ಪಂಪ್ ಅಥವಾ ಬಕೆಟ್‌ನಲ್ಲಿ ಮುಳುಗಿಸುವ ಪಂಪ್, ಆಲಿಕೆ, ಸ್ಕ್ರೂಡ್ರೈವರ್, ಕೈಗವಸು, ಕನ್ನಡಕ, ಒಂದು ರಾಶಿ ಹಳೆಯ ಬಟ್ಟೆ. ರಿಫ್ರಾಕ್ಟೋಮೀಟರ್ ಕೂಡ ಬೇಕು. ಅದರಲ್ಲಿ ಎಥಿಲೀನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್‌ಗೆ ಬೇರೆ ಬೇರೆ ಅಳತೆಪಟ್ಟಿಗಳಿರುತ್ತವೆ, ನಿಮ್ಮದು ಯಾವುದೋ ಅದನ್ನೇ ಓದಿ. ಬಕೆಟ್, ಪೈಪ್ ಎಲ್ಲವೂ ಸ್ವಚ್ಛವಾಗಿರಲಿ. ಕೊಳೆ ಒಳಗೆ ಸೇರಿದರೆ ಬ್ಯಾಕ್ಟೀರಿಯಾ ಬೆಳೆದು ಲೋಳೆಯಾಗುತ್ತದೆ.

ಕೈ ಹಾಕುವ ಮುನ್ನ

ಹೀಟಿಂಗ್ ನಿಲ್ಲಿಸಿ, ಹೊರಗಿನ ವಿದ್ಯುತ್ ಕೇಬಲ್ ಕಿತ್ತು, 12 ವೋಲ್ಟ್ ಸ್ವಿಚ್ ಆರಿಸಿ, ಗ್ಯಾಸ್ ಸಿಲಿಂಡರ್ ಮುಚ್ಚಿ. ದ್ರವ 80 ಡಿಗ್ರಿಗೂ ಮೇಲೆ ಬಿಸಿಯೇರಬಲ್ಲದು, ಆದ್ದರಿಂದ ಪೂರ್ತಿ ತಣಿಯಲು ಹಲವು ಗಂಟೆ ಬಿಡಿ. ಹಿಂದಿನ ರಾತ್ರಿಯೇ ಆರಿಸಿಟ್ಟರೆ ಇನ್ನೂ ಒಳ್ಳೆಯದು. ಟ್ರೈಲರ್ ಸಮತಟ್ಟು ನೆಲದಲ್ಲಿರಲಿ, ಚಕ್ರಗಳಿಗೆ ಗಟ್ಟಿಯಾದ ತಡೆ ಕೊಡಿ.

ಇನ್ನೊಂದು ಎಚ್ಚರ ಮನೆಮಂದಿಗೆಲ್ಲ ಹೇಳಬೇಕಾದದ್ದು. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ಮಕ್ಕಳು, ನಾಯಿ, ಬೆಕ್ಕು ಅದರ ರುಚಿಗೆ ಮರುಳಾಗುತ್ತವೆ. ದೇಹದೊಳಗೆ ಅದು ಆಮ್ಲಗಳಾಗಿ ಮಾರ್ಪಟ್ಟು ಮೂತ್ರಪಿಂಡವನ್ನು ಹಾಳುಗೆಡವುತ್ತದೆ. ಯಾರಾದರೂ ಕುಡಿದರೆಂಬ ಸಂಶಯ ಬಂದರೂ ಲಕ್ಷಣಗಳಿಗಾಗಿ ಕಾಯಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ತೆರೆದ ಬಕೆಟ್ ಬಿಟ್ಟು ಒಂದು ನಿಮಿಷವೂ ಆಚೆ ಹೋಗಬೇಡಿ.

ಗ್ಯಾಸ್ ಕೊಳವೆ, ಬರ್ನರ್, ಹೊಗೆಕೊಳವೆಗಳಿಗೆ ಮಾತ್ರ ಕೈ ಹಾಕಬೇಡಿ. ಅದು ಪರವಾನಗಿ ಪಡೆದ ತಂತ್ರಜ್ಞರ ಕೆಲಸ. ಟ್ರೈಲರ್ ವಾರಂಟಿಯಲ್ಲಿದ್ದರೆ ದ್ರವವನ್ನು ನೀವೇ ಬದಲಿಸಬಹುದೇ ಎಂದೂ ಓದಿ ನೋಡಿ.

ಖಾಲಿ ಮಾಡುವುದು

ಬಾಯ್ಲರ್ ಬಳಿ ಹಳದಿ ಹಿಡಿಯ ಒಂದು ಕವಾಟ ಕಾಣಬಹುದು. ಅದು ಸ್ನಾನಕ್ಕೆ ಬರುವ ಬಿಸಿನೀರನ್ನು ಖಾಲಿ ಮಾಡುವ ಕವಾಟ, ಗ್ಲೈಕಾಲ್‌ನದಲ್ಲ. ಎರಡು ವ್ಯವಸ್ಥೆಗಳೂ ಒಂದೇ ಬಾಯ್ಲರ್‌ನಲ್ಲಿದ್ದರೂ ಅವುಗಳ ನೀರು ಬೆರೆಯುವುದಿಲ್ಲ. ಗ್ಲೈಕಾಲ್ ಹೊರಬಿಡುವ ಬಾಯಿ ಬಹುತೇಕ ಟ್ರೈಲರ್‌ನ ಅಡಿಯಲ್ಲಿ ಅಥವಾ ಕೊಳವೆಯ ಅತಿ ತಗ್ಗಿನ ಜಾಗದಲ್ಲಿರುತ್ತದೆ. ಕೆಲವು ಟ್ರೈಲರ್‌ಗಳಲ್ಲಿ ಅಂತಹ ಬಾಯಿಯೇ ಇರುವುದಿಲ್ಲ. ಆಗ ತಗ್ಗಿನ ಒಂದು ರಬ್ಬರ್ ಜೋಡಣೆಯ ಕ್ಲಿಪ್ ಸಡಿಲಿಸಿ ಇಳಿಸಬೇಕು.

ಬಾಯಿಗೆ ಮೆದುಪೈಪ್ ಸಿಕ್ಕಿಸಿ ಇನ್ನೊಂದು ತುದಿಯನ್ನು ಬಕೆಟ್‌ಗೆ ಬಿಡಿ. ಈಗ ಎಕ್ಸ್‌ಪ್ಯಾನ್ಷನ್ ಟ್ಯಾಂಕಿನ ಮುಚ್ಚಳ ತೆಗೆದು, ಆಮೇಲೆ ಕೆಳಗಿನ ಬಾಯಿ ತೆರೆಯಿರಿ. ಹರಿವು ನಿಧಾನವಾದಾಗ ಬ್ಲೀಡ್ ಸ್ಕ್ರೂಗಳನ್ನು ಒಂದೊಂದಾಗಿ ತೆರೆಯಿರಿ, ಗಾಳಿ ಒಳಬಂದು ಉಳಿದ ದ್ರವ ಇಳಿಯುತ್ತದೆ. ಟ್ರೈಲರ್‌ನ ಮೂತಿಯನ್ನು ಸ್ವಲ್ಪ ಎತ್ತಿ ಇಳಿಸಿದರೆ ಮೂಲೆಗಳಲ್ಲಿ ನಿಂತದ್ದೂ ಬರುತ್ತದೆ.

ಹೊರಬಂದದ್ದು ಎಷ್ಟು ಲೀಟರ್ ಎಂದು ಅಳೆದು ಬರೆದಿಡಿ. ಇದು ಇಡೀ ಕೆಲಸದ ಅತಿ ಉಪಯುಕ್ತ ಅಂಕಿ. ವ್ಯವಸ್ಥೆಯ ಒಟ್ಟು ಪ್ರಮಾಣ 15 ಲೀಟರ್ ಆಗಿದ್ದು ಹೊರಬಂದದ್ದು 12 ಲೀಟರ್ ಆದರೆ, 3 ಲೀಟರ್ ಇನ್ನೂ ಒಳಗೇ ಇದೆ ಎಂದರ್ಥ.

ಈ ಹಂತದಿಂದ ಮತ್ತೆ ತುಂಬುವವರೆಗೆ ಬಾಯ್ಲರ್ ಹಚ್ಚಲೇಬಾರದು, ಗ್ಯಾಸ್‌ನಲ್ಲಾಗಲಿ ವಿದ್ಯುತ್ತಿನಲ್ಲಾಗಲಿ. ನಿಯಂತ್ರಣ ಫಲಕದ ಮೇಲೆ ಒಂದು ಚೀಟಿ ಅಂಟಿಸಿಡಿ.

ತೊಳೆಯುವುದು ಮತ್ತು ಅದರ ಲೆಕ್ಕ

ಹಳೆಯದೂ ಹೊಸದೂ ಒಂದೇ ಬಗೆಯ ಗ್ಲೈಕಾಲ್ ಆಗಿದ್ದು, ಹೊರಬಂದ ದ್ರವ ತಿಳಿಯಾಗಿದ್ದರೆ ತೊಳೆಯುವ ಹಂತವನ್ನು ಬಿಡಬಹುದು. ಬಗೆ ಬೇರೆಯಾದರೆ ಅಥವಾ ದ್ರವ ಕೊಳಕಾಗಿದ್ದರೆ ಡಿಮಿನರಲೈಸ್ಡ್ ನೀರು ತುಂಬಿ, ಪಂಪನ್ನು ಕಾಲು ಗಂಟೆ ಓಡಿಸಿ, ಮತ್ತೆ ಖಾಲಿ ಮಾಡಿ. ಹೊರಬರುವ ನೀರು ತಿಳಿಯಾಗುವವರೆಗೆ ಹೀಗೇ ಮುಂದುವರಿಸಿ. ಹೊರಗೆ ನೀರು ಹೆಪ್ಪುಗಟ್ಟುವಷ್ಟು ಚಳಿಯಿರುವ ದಿನ ಈ ಕೆಲಸ ಬೇಡ.

ತೊಳೆದ ಮೇಲೆ ಒಂದಷ್ಟು ನೀರು ಒಳಗೇ ಉಳಿಯುತ್ತದೆ, ಹಲವರ ಲೆಕ್ಕ ತಪ್ಪುವುದು ಇಲ್ಲಿಯೇ. ಮೇಲಿನ ಉದಾಹರಣೆಯನ್ನೇ ನೋಡಿ. ಒಳಗೆ 3 ಲೀಟರ್ ಬರಿಯ ನೀರಿದೆ. ಶೇ. 40ರ ಸಿದ್ಧ ದ್ರವ 12 ಲೀಟರ್ ಹಾಕಿದರೆ ಅದರಲ್ಲಿ ಗ್ಲೈಕಾಲ್ ಇರುವುದು 4.8 ಲೀಟರ್. 15 ಲೀಟರ್‌ಗೆ ಅದು ಶೇ. 32 ಮಾತ್ರ. ಮೈನಸ್ 25 ಎಂದು ನೀವು ನಂಬಿದ್ದು ಮೈನಸ್ 17ರ ಆಸುಪಾಸಿನಲ್ಲೇ ಕೈಕೊಡುತ್ತದೆ. ಶೇ. 40 ಆಗಬೇಕಾದರೆ 15 ಲೀಟರ್‌ನಲ್ಲಿ 6 ಲೀಟರ್ ಗ್ಲೈಕಾಲ್ ಇರಬೇಕು. ಅಂದರೆ 6 ಲೀಟರ್ ಬೆರೆಸದ ಗ್ಲೈಕಾಲ್, 6 ಲೀಟರ್ ನೀರು ಸೇರಿಸಿ ಆ 12 ಲೀಟರ್ ತುಂಬಬೇಕು. ತೊಳೆಯುವವರು ಬೆರೆಸದ ಗ್ಲೈಕಾಲ್ ಕೊಳ್ಳಬೇಕು ಎಂದದ್ದು ಇದಕ್ಕೇ.

ಈಗಾಗಲೇ ತುಂಬಿ ಮುಗಿದ ಮೇಲೆ ಶೇ. 32 ಎಂದು ತಿಳಿದರೂ ಚಿಂತೆಯಿಲ್ಲ. ಅದೇ 15 ಲೀಟರ್‌ನಿಂದ ಸುಮಾರು 1.8 ಲೀಟರ್ ಹೊರತೆಗೆದು ಅಷ್ಟೇ ಬೆರೆಸದ ಗ್ಲೈಕಾಲ್ ಹಾಕಿದರೆ ಶೇ. 40ಕ್ಕೆ ಬರುತ್ತದೆ.

ತುಂಬುವುದು

ಬ್ಲೀಡ್ ಸ್ಕ್ರೂಗಳನ್ನೆಲ್ಲ ಮೊದಲು ಮುಚ್ಚಿ. ತಗ್ಗಿನ ಬಾಯಿಗೆ ಪಂಪಿನಿಂದ ಬರುವ ಮೆದುಪೈಪನ್ನು ಕ್ಲಿಪ್ ಹಾಕಿ ಬಿಗಿಯಿರಿ. ಪಂಪಿನ ಹೀರುವ ತುದಿ ಹೊಸ ದ್ರವದ ಬಕೆಟ್‌ನಲ್ಲಿ, ಪೂರ್ತಿ ಮುಳುಗಿರಲಿ. ಪೈಪಿನೊಳಗೆ ಮೊದಲೇ ದ್ರವ ತುಂಬಿಸಿ ಅದರಲ್ಲಿದ್ದ ಗಾಳಿ ಕಳೆದ ಮೇಲೆಯೇ ಜೋಡಿಸಿ. ಒಬ್ಬರು ಟ್ರೈಲರ್‌ನ ಕೆಳಗೆ ಪಂಪಿನ ಬಳಿ, ಇನ್ನೊಬ್ಬರು ಒಳಗೆ ಟ್ಯಾಂಕಿನ ಬಳಿ ಇದ್ದರೆ ಅನುಕೂಲ.

ಡ್ರಿಲ್ಲನ್ನು ಅತಿ ಕಡಿಮೆ ವೇಗದಲ್ಲಿ ಓಡಿಸಿ. ದ್ರವ ಕೊಳವೆಯ ತಳದಿಂದ ಮೇಲೇರುತ್ತಾ ತನ್ನ ಮುಂದಿರುವ ಗಾಳಿಯನ್ನು ತಳ್ಳಿಕೊಂಡು ಹೋಗುತ್ತದೆ. ವೇಗ ಹೆಚ್ಚಿಸಿದರೆ ದ್ರವ ಗಾಳಿಯ ಅಡಿಯಲ್ಲಿ ನುಸುಳಿ ಮುಂದೆ ಹೋಗಿಬಿಡುತ್ತದೆ, ಗುಳ್ಳೆ ಅಲ್ಲೇ ಉಳಿಯುತ್ತದೆ, ನೊರೆಯೂ ಏಳುತ್ತದೆ. ದ್ರವ ಸ್ವಲ್ಪ ತುಂಬಿದ ಮೇಲೆ ತಗ್ಗಿನಲ್ಲಿರುವ ಬ್ಲೀಡ್ ಸ್ಕ್ರೂವನ್ನು ಅರ್ಧ ಸುತ್ತು ತೆರೆಯಿರಿ, ದ್ರವ ಬಂದ ಕೂಡಲೇ ಮುಚ್ಚಿ ಅದಕ್ಕಿಂತ ಮೇಲಿನದಕ್ಕೆ ಹೋಗಿ. ಟ್ಯಾಂಕಿನಲ್ಲಿ ಮಟ್ಟ ಏರಿದಾಗ ನಿಲ್ಲಿಸಿ, ಹತ್ತು ನಿಮಿಷ ಹಾಗೆಯೇ ಬಿಡಿ. ಮಟ್ಟ ಇಳಿದಿದ್ದರೆ ಗಾಳಿ ಮೇಲೆ ಬಂದಿದೆ ಎಂದೇ ಲೆಕ್ಕ, ಮತ್ತೆ ತುಂಬಿ.

ಸಾಧ್ಯವಿದ್ದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಟ್ಯಾಂಕಿಗೆ ಸೇರುವ ಕೊಳವೆಯ ತುದಿಯಿಂದ ಎರಡನೆಯ ಪಾರದರ್ಶಕ ಪೈಪನ್ನು ಅದೇ ಬಕೆಟ್‌ಗೆ ತಂದು, ದ್ರವವನ್ನು ಸುತ್ತು ಸುತ್ತಾಗಿ ಹರಿಸಿ. ಮೊದಮೊದಲು ಆ ಪೈಪಿನಲ್ಲಿ ಬೆರಳುದ್ದದ ಗಾಳಿಯ ತುಂಡುಗಳು ಬರುತ್ತವೆ, ಆಮೇಲೆ ಬಟಾಣಿಯಷ್ಟು, ಕೊನೆಗೆ ಸಾಸಿವೆಯಷ್ಟು. ಬಳಿಕ ತಿಳಿಯಾದ ದ್ರವ ಮಾತ್ರ ಹರಿಯುತ್ತದೆ. ಅಷ್ಟು ಹೊತ್ತು ಕಾದವರಿಗೆ ಮುಂದಿನ ಬ್ಲೀಡಿಂಗ್ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಪಂಪ್ ಇಲ್ಲದವರು ಟ್ಯಾಂಕಿನ ಬಾಯಿಯಿಂದಲೇ ಆಲಿಕೆ ಇಟ್ಟು ತುಂಬಬಹುದು. ಒಂದೊಂದೇ ಲೀಟರ್ ಸುರಿದು, ಟ್ಯಾಂಕಿನ ಮಟ್ಟ ಇಳಿಯಲು ಬಿಟ್ಟು, ಮತ್ತೆ ಸುರಿಯಬೇಕು. ಇದೂ ಸಾಗುತ್ತದೆ, ಆದರೆ ಬ್ಲೀಡಿಂಗ್‌ಗೆ ಹೆಚ್ಚು ಸಮಯ ಮೀಸಲಿಡಿ.

ದ್ರವ ತಣ್ಣಗಿರುವಾಗ ಮಟ್ಟ ಕನಿಷ್ಠ ಗೆರೆಯಿಂದ ಸುಮಾರು ಒಂದು ಸೆಂಟಿಮೀಟರ್ ಮೇಲಿದ್ದರೆ ಸಾಕು. ಗರಿಷ್ಠದವರೆಗೆ ತುಂಬಿಸುವ ಆಸೆ ಬೇಡ. 15 ಲೀಟರ್ ದ್ರವ 60 ಡಿಗ್ರಿಯಷ್ಟು ಬಿಸಿಯೇರಿದಾಗ ಸುಮಾರು ಅರ್ಧ ಲೀಟರ್ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು.

ಗಾಳಿ ಹೊರಹಾಕುವುದು

ಸರ್ಕ್ಯುಲೇಷನ್ ಪಂಪ್ ಆರಿರಲಿ. ಪಂಪ್ ಓಡುವಾಗ ಹೀರುವ ಬದಿಯ ಸ್ಕ್ರೂ ತೆರೆದರೆ ಗಾಳಿ ಹೊರಹೋಗುವ ಬದಲು ಒಳಗೇ ಬರಬಹುದು. ಪಂಪ್ ನಿಂತಾಗ ಗುಳ್ಳೆಗಳು ಎತ್ತರಕ್ಕೇರಿ ಒಂದೆಡೆ ಸೇರಲು ಅವಕಾಶವೂ ಸಿಗುತ್ತದೆ.

ಬಾಯ್ಲರ್‌ನಿಂದ ಹೊರಡುವ ಕೊಳವೆಯ ಮೇಲೆ ಸ್ಕ್ರೂ ಇದ್ದರೆ ಅದರಿಂದ ಶುರು ಮಾಡಿ. ಅಲ್ಲಿ ಸ್ವಯಂಚಾಲಿತ ಬ್ಲೀಡರ್ ಇದ್ದರೆ ಅದು ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತದೆ. ಅಲ್ಲಿಂದ ದ್ರವ ಹರಿಯುವ ದಿಕ್ಕಿನಲ್ಲೇ ಒಂದೊಂದು ಸ್ಕ್ರೂವಿಗೂ ಹೋಗಿ. ಕೆಳಗೆ ಬಟ್ಟೆ ಮಡಿಸಿ ಹಿಡಿದು, ಸ್ಕ್ರೂವನ್ನು ಅರ್ಧ ಸುತ್ತು ಮಾತ್ರ ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಗಾಳಿಯಿದ್ದರೆ ಮೊದಲು ಸಣ್ಣಗೆ ಬುಸುಗುಟ್ಟುತ್ತದೆ. ನಂತರ ನೊರೆ ಬೆರೆತ ಹನಿಗಳು ಚಿಮ್ಮಿ ಚಿಮ್ಮಿ ನಿಲ್ಲುತ್ತವೆ. ಇಲ್ಲಿಗೇ ಮುಗಿಯಿತೆಂದು ಮುಚ್ಚಬೇಡಿ, ಹಿಂದೆ ಇನ್ನೊಂದು ಗುಳ್ಳೆ ಬರುತ್ತಿರಬಹುದು. ನೊರೆಯಿಲ್ಲದ ದ್ರವ ಎಳೆಯಾಗಿ ಒಂದೇ ಸಮನೆ ಜಿನುಗತೊಡಗಿದಾಗ ಮುಚ್ಚಿ. ಹದವಾಗಿ ಬಿಗಿದರೆ ಸಾಕು, ಜೋರು ಮಾಡಿದರೆ ಸ್ಕ್ರೂವಿನ ತಿರುಪಿನ ಎಳೆಗಳು ಹಾಳಾಗುತ್ತವೆ. ನಡುನಡುವೆ ಟ್ಯಾಂಕಿನ ಮಟ್ಟ ನೋಡಿ ತುಂಬುತ್ತಿರಿ. ಮಟ್ಟ ಬಿದ್ದುಹೋದರೆ ಇಷ್ಟು ಹೊತ್ತಿನ ಶ್ರಮ ನೀರಿನಲ್ಲಿ ಹೋಮ ಮಾಡಿದಂತೆ.

ಎಲ್ಲ ಸ್ಕ್ರೂಗಳೂ ಮುಗಿದ ಮೇಲೆ ಪಂಪ್ ಓಡಿಸಿ. ವೇಗ ಬದಲಿಸಬಹುದಾದ ಪಂಪ್ ಆದರೆ ಕಡಿಮೆ ವೇಗದಲ್ಲಿ ಶುರು ಮಾಡಿ, ಸ್ವಲ್ಪ ಹೊತ್ತಿನ ಮೇಲೆ ಏರಿಸಿ. ನಿಯಂತ್ರಣ ಫಲಕದಲ್ಲಿ ಪಂಪನ್ನು ಥರ್ಮೋಸ್ಟಾಟ್‌ಗೆ ಬಿಡದೆ ನಿರಂತರ ಓಡುವಂತೆ ಇಡಿ, ಇಲ್ಲವಾದರೆ ಕೋಣೆ ಬೆಚ್ಚಗಾದಾಗ ಅದು ತಾನಾಗಿ ನಿಂತು ನಿಮ್ಮನ್ನು ಗೊಂದಲಕ್ಕೀಡು ಮಾಡುತ್ತದೆ. ಹೊಸದಾಗಿ ತುಂಬಿದಾಗ ಟ್ಯಾಂಕಿನಲ್ಲಿ ಸಣ್ಣ ಗುಳ್ಳೆಗಳೆದ್ದು ಗುಳುಗುಳು ಸದ್ದು ಕೇಳುವುದು ಸಹಜ. ಪಂಪನ್ನು ಕೆಲವು ಕ್ಷಣ ನಿಲ್ಲಿಸಿದರೆ ಅವು ಮೇಲೆ ಬಂದು ಒಡೆಯುತ್ತವೆ.

ಹೀಗೆ ಮಾಡಿದರೂ ಒಂದು ಬದಿ ತಣ್ಣಗೇ ಉಳಿದರೆ ಟ್ರೈಲರ್ ಅನ್ನೇ ಓಲಾಡಿಸಬೇಕು. ಒಂದೇ ಆಕ್ಸಲ್‌ನ ಟ್ರೈಲರ್‌ಗೆ ಇದು ಸುಲಭ. ಟ್ರೈಲರ್ ಅಲುಗದಂತೆ ನೆಲಕ್ಕೂರಿದ ನಾಲ್ಕು ಮೂಲೆಯ ಸ್ಟೆಬಿಲೈಸರ್‌ಗಳನ್ನು ಮೊದಲು ಮೇಲೆತ್ತಿ, ಮರೆತರೆ ಅವು ಬಾಗಿಹೋಗುತ್ತವೆ. ಚಕ್ರದ ತಡೆಗಳು ಗಟ್ಟಿಯಾಗಿವೆಯೇ ಇನ್ನೊಮ್ಮೆ ನೋಡಿ. ಪಂಪ್ ಆರಿಸಿ, ಮುಂದಿನ ಜಾಕ್‌ನಿಂದ ಮೂತಿಯನ್ನು ಆದಷ್ಟು ಕೆಳಗಿಳಿಸಿ, ಕೆಲವು ನಿಮಿಷ ಹಾಗೆಯೇ ಬಿಡಿ. ಕೊಳವೆಯೊಳಗಿನ ಗಾಳಿ ಹಿಂಭಾಗಕ್ಕೆ ಏರುತ್ತದೆ. ಈಗ ಅತಿ ಎತ್ತರದಲ್ಲಿರುವ ಸ್ಕ್ರೂ ತೆರೆದು ದ್ರವ ಬರುವವರೆಗೆ ಕಾಯಿರಿ. ಮುಚ್ಚಿ, ಮೂತಿಯನ್ನು ಆದಷ್ಟು ಮೇಲೆತ್ತಿ ಮುಂಭಾಗದ ಸ್ಕ್ರೂಗಳಲ್ಲಿ ಅದನ್ನೇ ಮಾಡಿ. ಮತ್ತೆ ಸಮತಟ್ಟಿಗೆ ತಂದು ಪಂಪ್ ಓಡಿಸಿ. ಎರಡು ಆಕ್ಸಲ್‌ನ ದೊಡ್ಡ ಟ್ರೈಲರ್ ಇಷ್ಟು ಸುಲಭವಾಗಿ ಓಲುವುದಿಲ್ಲ. ಅದನ್ನು ಇಳಿಜಾರಿನ ರಸ್ತೆಯಲ್ಲಿ ಒಮ್ಮೆ ಮೂತಿ ಮೇಲಾಗಿ, ಒಮ್ಮೆ ಕೆಳಗಾಗಿ ನಿಲ್ಲಿಸುವುದೇ ವಾಸಿ. ಟ್ರೈಲರ್ ಓರೆಯಾಗಿರುವಾಗ ಯಾರೂ ಅದರ ಅಡಿಗೆ ನುಸುಳಕೂಡದು.

ನೆಲದಡಿಯ ಹೀಟಿಂಗ್ ಇದ್ದರೆ ಅದಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಕವಾಟ, ಕೆಲವೊಮ್ಮೆ ಪ್ರತ್ಯೇಕ ಪಂಪ್ ಇರುತ್ತದೆ. ಆ ಸುತ್ತನ್ನು ಮುಚ್ಚಿಟ್ಟು ಉಳಿದದ್ದನ್ನು ಬ್ಲೀಡ್ ಮಾಡಿದರೆ, ಮುಂದೊಮ್ಮೆ ಅದನ್ನು ತೆರೆದಾಗ ಅದರ ಗಾಳಿಯೆಲ್ಲ ಮುಖ್ಯ ಕೊಳವೆಗೆ ಬರುತ್ತದೆ. ತುಂಬುವ ಹಂತದಿಂದಲೇ ಎಲ್ಲ ಕವಾಟಗಳೂ ತೆರೆದಿರಲಿ.

ಬಿಸಿ ಮಾಡಿ ನೋಡುವುದು

ತಣ್ಣನೆಯ ದ್ರವ ತನ್ನೊಳಗೆ ಗಾಳಿಯನ್ನು ಕರಗಿಸಿಟ್ಟುಕೊಂಡಿರುತ್ತದೆ, ಬಿಸಿಯಾದಾಗ ಅದನ್ನು ಬಿಟ್ಟುಕೊಡುತ್ತದೆ. ಹಾಗಾಗಿ ತಣ್ಣಗಿದ್ದಾಗ ಮಾಡಿದ ಬ್ಲೀಡಿಂಗ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ಕೆಲಸ ಪೂರ್ತಿಯಾದಂತಲ್ಲ. ಗ್ಯಾಸ್ ತೆರೆದು ಅಥವಾ ವಿದ್ಯುತ್ ಜೋಡಿಸಿ ಬಾಯ್ಲರ್ ಹಚ್ಚಿ, ಒಂದು ಗಂಟೆ ಚೆನ್ನಾಗಿ ಬಿಸಿಯಾಗಲು ಬಿಡಿ. ಅಷ್ಟರಲ್ಲಿ ಪ್ರತಿಯೊಂದು ರಬ್ಬರ್ ಜೋಡಣೆಯ ಕೆಳಗೂ ಒಣ ಟಿಶ್ಯೂ ಕಾಗದ ಒತ್ತಿ ನೋಡಿ. ಕಾಗದಕ್ಕೆ ಬಣ್ಣ ಹತ್ತಿದರೆ ಅಲ್ಲಿ ಸೋರುತ್ತಿದೆ.

ಈಗ ಕೊಳವೆಯ ಉದ್ದಕ್ಕೂ ಕೈಯಾಡಿಸುತ್ತಾ ಹೋಗಿ, ಸುಡಬಹುದು, ಜೋಪಾನ. ಬಾಯ್ಲರ್‌ನಿಂದ ದೂರ ಹೋದಂತೆ ಬಿಸಿ ಸ್ವಲ್ಪ ಸ್ವಲ್ಪವಾಗಿ ಇಳಿಯುವುದು ಸರಿ. ಒಂದೇ ಗೇಣಿನ ಅಂತರದಲ್ಲಿ ಬಿಸಿಯಿಂದ ತಣ್ಣಗೆ ಜಿಗಿದರೆ ಗುಳ್ಳೆ ಅಲ್ಲಿಯೇ ಇದೆ. ಬಾಯ್ಲರ್ ಆರಿಸಿ, ದ್ರವ ಉಗುರುಬೆಚ್ಚಗಾಗುವವರೆಗೆ ಕಾದು, ಹತ್ತಿರದ ಸ್ಕ್ರೂವನ್ನು ಮತ್ತೆ ತೆರೆಯಿರಿ. ಕುದಿಬಿಸಿ ದ್ರವದ ಮೇಲೆ ಸ್ಕ್ರೂ ತೆರೆಯುವ ಸಾಹಸ ಬೇಡ. ರಿಫ್ರಾಕ್ಟೋಮೀಟರ್‌ನ ಕೊನೆಯ ಅಳತೆಯನ್ನೂ ಈ ಹಂತದಲ್ಲೇ, ದ್ರವ ಚೆನ್ನಾಗಿ ಬೆರೆತು ತಣಿದ ಮೇಲೆ, ತೆಗೆದುಕೊಳ್ಳಿ.

ಸರಿಹೋಗದಿದ್ದರೆ

ಫಲಕದಲ್ಲಿ ‘ಓವರ್‌ಹೀಟ್’ ಎಂಬ ಸಂದೇಶ ಬಂದರೆ ಬಾಯ್ಲರ್‌ನಲ್ಲೇ ಗಾಳಿ ನಿಂತಿರಬಹುದು ಅಥವಾ ಪಂಪ್ ದ್ರವ ಸಾಗಿಸುತ್ತಿಲ್ಲ. ತಣಿಯಲು ಬಿಟ್ಟು, ಟ್ಯಾಂಕಿನ ಮಟ್ಟ ನೋಡಿ, ಬಾಯ್ಲರ್ ಬಳಿಯ ಸ್ಕ್ರೂ ತೆರೆಯಿರಿ. 12 ವೋಲ್ಟ್ ಕಡಿದು ಮತ್ತೆ ಕೊಟ್ಟರೆ ಸಂದೇಶ ಅಳಿಯುತ್ತದೆ, ಆದರೆ ಕಾರಣ ಹುಡುಕದೆ ಅಳಿಸುತ್ತಾ ಹೋಗಬೇಡಿ. ಪಂಪ್ ಸದ್ದು ಮಾಡುತ್ತಿದ್ದರೂ ಟ್ಯಾಂಕಿನ ದ್ರವ ಕದಲದೆ ನಿಂತಿದ್ದರೆ ಪಂಪಿನ ತಿರುಗುಚಕ್ರದಲ್ಲಿ ಗಾಳಿಯೋ ಕಸವೋ ಸಿಕ್ಕಿದೆ. ಮಟ್ಟ ದಿನದಿನವೂ ಇಳಿಯುತ್ತಿದ್ದು ಎಲ್ಲಿಯೂ ಗುಳ್ಳೆ ಬರುತ್ತಿಲ್ಲವಾದರೆ ಸೋರಿಕೆ ಹುಡುಕಿ. ಎಲ್ಲ ಕೊಳವೆಗಳೂ ಬಿಸಿಯಾಗಿದ್ದು ಕೋಣೆ ಮಾತ್ರ ಚಳಿಯೆಂದರೆ ದ್ರವದ ತಪ್ಪಿಲ್ಲ. ಸೋಫಾದ ಹಿಂದಿನ ಗಾಳಿಯ ದಾರಿಯನ್ನು ಹೊದಿಕೆ, ದಿಂಬುಗಳು ಮುಚ್ಚಿರುತ್ತವೆ, ಅವುಗಳನ್ನು ಸರಿಸಿ.

ಹಳೆಯ ದ್ರವ, ಹೊಸ ದಾಖಲೆ

ತೆಗೆದ ದ್ರವವನ್ನೂ ತೊಳೆದ ನೀರನ್ನೂ ಮುಚ್ಚಳ ಬಿಗಿಯಾದ ಕ್ಯಾನ್‌ಗಳಿಗೆ ತುಂಬಿ, ‘ವಿಷ, ಗ್ಲೈಕಾಲ್’ ಎಂದು ಬರೆದು ನಿಮ್ಮ ಊರಿನ ಅಪಾಯಕಾರಿ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಿ. ಕುಡಿಯುವ ನೀರಿನ ಹಳೆಯ ಬಾಟಲಿಗಳಲ್ಲಿ ಖಂಡಿತ ಇಡಬೇಡಿ. ಚರಂಡಿಗೆ, ಮಣ್ಣಿಗೆ ಸುರಿಯುವುದು ಕೂಡದು. ನೆಲಕ್ಕೆ ಚೆಲ್ಲಿದ ಹನಿಗಳನ್ನು ಒರೆಸಿ, ನೀರಿನಿಂದ ಮತ್ತೆ ಒರೆಸಿ, ಆ ಬಟ್ಟೆಗಳನ್ನೂ ಚೀಲದಲ್ಲಿ ಕಟ್ಟಿಡಿ.

ಟ್ಯಾಂಕಿನ ಮೇಲೆ ಒಂದು ಪಟ್ಟಿ ಅಂಟಿಸಿ, ಅದರಲ್ಲಿ ದಿನಾಂಕ, ಗ್ಲೈಕಾಲ್‌ನ ಗುಣಮಟ್ಟದ ಸಂಖ್ಯೆ, ಶೇಕಡಾ ಪ್ರಮಾಣ, ಒಟ್ಟು ಎಷ್ಟು ಲೀಟರ್ ಹಿಡಿಯಿತು ಎಂಬುದನ್ನು ಬರೆಯಿರಿ. ಮೊದಲ ಪ್ರಯಾಣದ ಅಲುಗಾಟಕ್ಕೆ ಮೂಲೆಗಳಲ್ಲಿ ಉಳಿದ ಸಣ್ಣ ಗುಳ್ಳೆಗಳೂ ಬಿಡಿಸಿಕೊಂಡು ಮೇಲೇಳುತ್ತವೆ. ಆದ್ದರಿಂದ ತಂಗಿದ ಮೊದಲ ಬೆಳಗ್ಗೆ, ಹೀಟಿಂಗ್ ಹಚ್ಚುವ ಮುನ್ನ, ಮಟ್ಟ ನೋಡಿ, ಇಳಿದಿದ್ದರೆ ಅದೇ ಪ್ರಮಾಣದ ಮಿಶ್ರಣದಿಂದ ತುಂಬಿ, ಎಲ್ಲ ಸ್ಕ್ರೂಗಳನ್ನೂ ಇನ್ನೊಂದು ಸುತ್ತು ಬ್ಲೀಡ್ ಮಾಡಿ. ತಿಂಗಳುಗಳ ನಂತರ ಮಟ್ಟ ಇಳಿದರೆ ತುಂಬುವ ಮೊದಲು ರಿಫ್ರಾಕ್ಟೋಮೀಟರ್ ನೋಡಬೇಕು. ಆವಿಯಾಗಿ ಹೋಗುವುದು ಹೆಚ್ಚಾಗಿ ನೀರು, ಗ್ಲೈಕಾಲ್ ಒಳಗೇ ಉಳಿಯುತ್ತದೆ. ಪ್ರಮಾಣ ಶೇ. 40ಕ್ಕಿಂತ ಏರಿದ್ದರೆ ಡಿಮಿನರಲೈಸ್ಡ್ ನೀರು, ಅಷ್ಟೇ ಇದ್ದರೆ ಸಿದ್ಧ ಮಿಶ್ರಣ ಹಾಕಿ.